ಕಾಲುನೋವಿಗೆ ಜೇನುತುಪ್ಪ ಮತ್ತು ದಾಲ್ಚಿನ್ನಿ: ಸಾರ್ವಜನಿಕರ ತಿಳಿವಳಿಕೆಗಾಗಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಹಾಗೂ ಸುತ್ತಮುತ್ತಲ ಪ್ರದೇಶಗಳ ನಾಗರಿಕರಲ್ಲಿ, ಅದರಲ್ಲಿಯೂ ಹಿರಿಯ ನಾಗರಿಕರಲ್ಲಿ, ಕಾಲುನೋವಿಗೆ ಜೇನುತುಪ್ಪ ಮತ್ತು ದಾಲ್ಚಿನ್ನಿ ಪುಡಿಯ ಮಿಶ್ರಣವನ್ನು ಮನೆಮದ್ದಾಗಿ ಸೇವಿಸುವವರಿದ್ದಾರೆ. ಈ ಮಿಶ್ರಣವು ಎಷ್ಟರಮಟ್ಟಿಗೆ ಉಪಯುಕ್ತ, ಯಾವ ಪ್ರಮಾಣದಲ್ಲಿ ಸೇವಿಸಬಹುದು, ಯಾರು ಸೇವಿಸಕೂಡದು, ಯಾವ ಲಕ್ಷಣಗಳು ಕಂಡುಬಂದಾಗ ಮನೆಮದ್ದನ್ನು ಬದಿಗಿರಿಸಿ ಆಸ್ಪತ್ರೆಗೆ ತೆರಳಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಆರೋಗ್ಯವಂತ ವಯಸ್ಕರು ಅಲ್ಪ ಪ್ರಮಾಣದಲ್ಲಿ ಆಹಾರದಂತೆ ಸೇವಿಸಿದಲ್ಲಿ ಈ ಮಿಶ್ರಣದಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಇದು ಕಾಲುನೋವನ್ನು ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾಲುನೋವು ಎಂಬುದು ಒಂದು ಲಕ್ಷಣವೇ ಹೊರತು ಒಂದು ರೋಗವಲ್ಲ. ಮಂಡಿಯ ಸವೆತದಿಂದ ಬಂದ ನೋವಿನಲ್ಲಿ ಒಂದು ತಿಂಗಳು ಮನೆಮದ್ದು ಮಾಡುತ್ತ ಕಾದರೆ ಹೆಚ್ಚಿನ ನಷ್ಟವಾಗದು. ರಕ್ತಸಂಚಾರ ನಿಂತು ಬಂದ ನೋವಿನಲ್ಲಿ ಒಂದು ದಿನ ಕಾದರೂ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಆದುದರಿಂದ ಮದ್ದಿನ ವಿಚಾರಕ್ಕಿಂತ ಮೊದಲು ನೋವಿನ ಕಾರಣವನ್ನು ತಿಳಿದುಕೊಳ್ಳುವುದು ಅವಶ್ಯಕ.

ಈ ಮದ್ದು ಎಲ್ಲಿಂದ ಬಂತು

ಜೇನುತುಪ್ಪ ಮತ್ತು ದಾಲ್ಚಿನ್ನಿ ಎರಡೂ ಆಯುರ್ವೇದಕ್ಕೆ ಹೊಸವಲ್ಲ. ನಮ್ಮ ಅಡುಗೆಮನೆಗಳಲ್ಲಿ ಚಕ್ಕೆ ಎಂದು ಕರೆಯಲಾಗುವ ದಾಲ್ಚಿನ್ನಿಗೆ ಸಂಸ್ಕೃತದಲ್ಲಿ ತ್ವಕ್ ಎಂದು ಹೆಸರು. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಭಾಗ, ವಂಶಲೋಚನ 8 ಭಾಗ, ಹಿಪ್ಪಲಿ 4 ಭಾಗ, ಏಲಕ್ಕಿ 2 ಭಾಗ ಹಾಗೂ ದಾಲ್ಚಿನ್ನಿ 1 ಭಾಗ ಇರುತ್ತದೆ. ಇದನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವುದು ವಾಡಿಕೆ. ಅಂದರೆ ಜೇನುತುಪ್ಪ ಮತ್ತು ದಾಲ್ಚಿನ್ನಿಯ ಜೋಡಿಯು ಪರಂಪರೆಯಲ್ಲಿ ಹೆಚ್ಚಾಗಿ ಕೆಮ್ಮು, ಕಫ ಹಾಗೂ ಅರುಚಿಗೆ ಸಂಬಂಧಿಸಿದುದು. ಕಾಲುನೋವಿಗೆ ನಮ್ಮ ಹಿರಿಯರು ಆಶ್ರಯಿಸಿದ್ದು ಎಣ್ಣೆ ಮತ್ತು ಶಾಖವನ್ನು. ಹರಳೆಣ್ಣೆ ಹಚ್ಚಿ ಎಕ್ಕದ ಎಲೆಯನ್ನು ಬೆಚ್ಚಗೆ ಮಾಡಿ ಕಟ್ಟುವುದು, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಹದಮಾಡಿ ಎರೆಯುವುದು, ಹುರಿದ ಉಪ್ಪಿನ ಗಂಟಿನಿಂದ ಶಾಖ ಕೊಡುವುದು ಇತ್ಯಾದಿ ಕ್ರಮಗಳು ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿವೆ.

ಕಾಲುನೋವಿಗೆ ಜೇನುತುಪ್ಪ–ದಾಲ್ಚಿನ್ನಿ ಎಂಬ ಸಲಹೆಯು ವ್ಯಾಪಕವಾದುದು ಬೇರೆ ದಾರಿಯಿಂದ. 2000ದ ದಶಕದಲ್ಲಿ ಮಿಂಚಂಚೆಯ ಮೂಲಕವೂ, ತದನಂತರ ಮೊಬೈಲ್ ಸಂದೇಶಗಳ ಮೂಲಕವೂ ಹರಿದಾಡಿದ ಒಂದು ಬರಹದಲ್ಲಿ ಸಂಧಿವಾತದಿಂದ ಹಿಡಿದು ಹೃದ್ರೋಗದವರೆಗೆ ಹತ್ತಾರು ಕಾಯಿಲೆಗಳಿಗೆ ಈ ಮಿಶ್ರಣವನ್ನು ಸೂಚಿಸಲಾಗಿತ್ತು. ಆ ಬರಹವು ತನ್ನ ಮೂಲವನ್ನು 1995ರ ಜನವರಿ 17ರ ವೀಕ್ಲಿ ವರ್ಲ್ಡ್ ನ್ಯೂಸ್ ಎಂಬ ಕೆನಡಾದ ಪತ್ರಿಕೆ ಎಂದು ಹೇಳಿಕೊಳ್ಳುತ್ತದೆ. ವಾಸ್ತವದಲ್ಲಿ ಅದು ಅಮೆರಿಕದ ಫ್ಲಾರಿಡಾದಿಂದ ಹೊರಡುತ್ತಿದ್ದ, ಕಲ್ಪಿತ ವಿಸ್ಮಯ ವಾರ್ತೆಗಳಿಗೆ ಹೆಸರಾದ ಪತ್ರಿಕೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ 200 ರೋಗಿಗಳ ಪೈಕಿ 73 ಮಂದಿ ಒಂದೇ ವಾರದಲ್ಲಿ ನೋವಿನಿಂದ ಸಂಪೂರ್ಣ ಮುಕ್ತರಾದರೆಂದೂ, ನಡೆಯಲಾಗದವರು ಒಂದು ತಿಂಗಳಲ್ಲಿ ನಡೆಯತೊಡಗಿದರೆಂದೂ ಅದರಲ್ಲಿದೆ. ಸಂಶೋಧಕರ ಹೆಸರಾಗಲಿ, ಸಂಶೋಧನೆ ಪ್ರಕಟವಾದ ವೈದ್ಯಕೀಯ ನಿಯತಕಾಲಿಕದ ಹೆಸರಾಗಲಿ ಅದರಲ್ಲಿಲ್ಲ. ಸಂಖ್ಯೆಗಳಿವೆ ಎಂಬ ಒಂದೇ ಕಾರಣಕ್ಕೆ ಇಂತಹ ಬರಹವನ್ನು ನಂಬತಕ್ಕದ್ದಲ್ಲ.

ಹಾಗೆಂದು ದಾಲ್ಚಿನ್ನಿಯಲ್ಲಿ ಏನೂ ಇಲ್ಲವೆಂದಲ್ಲ. ಇರಾನ್ ದೇಶದಲ್ಲಿ ಆಮವಾತ, ಅಂದರೆ ರುಮಟಾಯ್ಡ್ ಸಂಧಿವಾತವಿದ್ದ 36 ಮಹಿಳೆಯರ ಮೇಲೆ 8 ವಾರಗಳ ಕಾಲ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ದಾಲ್ಚಿನ್ನಿಯ ಗುಳಿಗೆಗಳನ್ನು ಪಡೆದವರಲ್ಲಿ ನೋವು ಹಾಗೂ ಉರಿಯೂತದ ಸೂಚಕಗಳು ಕಡಿಮೆಯಾದುದು ಕಂಡುಬಂದಿತು. ಆದರೆ ಅಧ್ಯಯನ ಚಿಕ್ಕದು; ರೋಗ ಒಂದೇ; ಅಲ್ಲಿ ಜೇನುತುಪ್ಪವನ್ನು ಬಳಸಿರಲಿಲ್ಲ. ಮಂಡಿ ಸವೆತ, ನರದ ನೋವು, ಮೀನಖಂಡದ ಸೆಳೆತ ಇತ್ಯಾದಿಗಳಿಗೆ ಅದನ್ನು ಅನ್ವಯಿಸಲಾಗದು.

ಪ್ರಮಾಣದ ವಿಷಯ

ಈ ಮನೆಮದ್ದಿನಲ್ಲಿ ನಿಜವಾದ ತೊಡಕು ಇರುವುದು ಪ್ರಮಾಣದಲ್ಲಿ. ಮೇಲ್ಕಂಡ ಬರಹದ ಪ್ರಕಾರ ಬೆಳಿಗ್ಗೆ ಮತ್ತು ರಾತ್ರಿ ಒಂದೊಂದು ಲೋಟ ಬಿಸಿನೀರಿನಲ್ಲಿ ಎರಡು ಚಮಚ ಜೇನುತುಪ್ಪ ಮತ್ತು ಒಂದು ಸಣ್ಣ ಚಮಚ ದಾಲ್ಚಿನ್ನಿ ಪುಡಿಯನ್ನು ಬೆರೆಸಿ ಪ್ರತಿದಿನ ಕುಡಿಯಬೇಕು. ಒಂದು ಸಣ್ಣ ಚಮಚ ಪುಡಿಯ ತೂಕ ಸುಮಾರು 2.5 ಗ್ರಾಂ. ದಿನಕ್ಕೆ ಎರಡು ಬಾರಿ ಎಂದರೆ 5 ಗ್ರಾಂ.

ಮಾರುಕಟ್ಟೆಯಲ್ಲಿ ಎರಡು ಬಗೆಯ ದಾಲ್ಚಿನ್ನಿ ದೊರೆಯುತ್ತದೆ. ಒಂದು, ಶ್ರೀಲಂಕಾ ಮೂಲದ ಅಸಲಿ ದಾಲ್ಚಿನ್ನಿ: ತೆಳುವಾದ ತೊಗಟೆಯ ಅನೇಕ ಪದರಗಳು ಒಂದರೊಳಗೊಂದು ಸುರುಳಿ ಸುತ್ತಿಕೊಂಡಿದ್ದು ತಿಳಿ ಕಂದು ಬಣ್ಣವಿರುತ್ತದೆ, ಬೆರಳಲ್ಲಿ ಒತ್ತಿದರೆ ಮುರಿಯುತ್ತದೆ. ಇನ್ನೊಂದು, ಚೀನಾ, ವಿಯೆಟ್ನಾಂ, ಇಂಡೊನೇಷ್ಯಾ ದೇಶಗಳಿಂದ ಬರುವ ಕ್ಯಾಸಿಯಾ: ದಪ್ಪ ತೊಗಟೆ, ಒಂದೇ ಪದರ, ಗಾಢ ಬಣ್ಣ, ಮುರಿಯಲು ಗಟ್ಟಿ. ಪಲಾವಿಗೆಂದು ದಿನಸಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಚಕ್ಕೆ ಎರಡನೆಯದು. ಅಡುಗೆಗೆ ಅದರಿಂದ ಬಾಧಕವಿಲ್ಲ, ಏಕೆಂದರೆ ಒಂದು ಪಾತ್ರೆ ಪಲಾವಿಗೆ ಹಾಕುವ ಒಂದೆರಡು ತುಂಡುಗಳನ್ನು ಯಾರೂ ತಿನ್ನುವುದಿಲ್ಲ, ತಟ್ಟೆಯ ಅಂಚಿಗೆ ತೆಗೆದಿಡುತ್ತಾರೆ. ಪುಡಿ ಮಾಡಿ ಚಮಚಗಟ್ಟಲೆ ನುಂಗಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಅಧಿಕವಾಗಿದ್ದು, ಸೂಕ್ಷ್ಮ ಪ್ರಕೃತಿಯವರಲ್ಲಿ ಇದು ಯಕೃತ್ತಿಗೆ ಹಾನಿ ಮಾಡಬಲ್ಲದು. ಶರೀರದ ತೂಕದ ಪ್ರತಿ ಕಿಲೋಗ್ರಾಂಗೆ ದಿನವೊಂದಕ್ಕೆ 0.1 ಮಿಲಿಗ್ರಾಂ ಕೂಮರಿನ್ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಮಿತಿ ನಿಗದಿಪಡಿಸಿದೆ. ಇದರ ಆಧಾರದ ಮೇಲೆ ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆಯು 60 ಕಿಲೋ ತೂಕದ ವಯಸ್ಕರು ಪ್ರತಿನಿತ್ಯ 2 ಗ್ರಾಂ, 15 ಕಿಲೋ ತೂಕದ ಮಗು ಅರ್ಧ ಗ್ರಾಂ ಕ್ಯಾಸಿಯಾ ಪುಡಿಯನ್ನು ಮೀರಕೂಡದೆಂದು ತಿಳಿಸಿದೆ. ಸಂದೇಶದಲ್ಲಿನ 5 ಗ್ರಾಂ ಈ ಮಿತಿಯ ಎರಡೂವರೆ ಪಟ್ಟು. ಅಸಲಿ ದಾಲ್ಚಿನ್ನಿಯಲ್ಲಿ ಕೂಮರಿನ್ ಅತ್ಯಲ್ಪ. ಆದರೆ ಪುಡಿಯಾದ ಬಳಿಕ ಎರಡನ್ನೂ ಕಣ್ಣಿನಿಂದ ಗುರುತಿಸುವುದು ಅಸಾಧ್ಯ. ಆದ್ದರಿಂದ ತೊಗಟೆಯನ್ನೇ ಕೊಂಡು ಮನೆಯಲ್ಲಿ ಪುಡಿ ಮಾಡಿಕೊಳ್ಳುವುದು ಲೇಸು.

ಇನ್ನು ಜೇನುತುಪ್ಪ. ಒಂದು ದೊಡ್ಡ ಚಮಚ ಜೇನುತುಪ್ಪವು ಸುಮಾರು 21 ಗ್ರಾಂ ತೂಗುತ್ತದೆ. ಅದರಲ್ಲಿ 17 ಗ್ರಾಂನಷ್ಟು ಸಕ್ಕರೆಯೇ. ದಿನಕ್ಕೆ ನಾಲ್ಕು ದೊಡ್ಡ ಚಮಚ ಎಂದರೆ 68 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಜೇನುತುಪ್ಪವೂ ಸೇರಿದಂತೆ ಇಂತಹ ಸಕ್ಕರೆಗಳು ವಯಸ್ಕರ ಒಟ್ಟು ಆಹಾರಶಕ್ತಿಯ ಶೇಕಡ 10ನ್ನು, ಅಂದರೆ ದಿನಕ್ಕೆ ಸುಮಾರು 50 ಗ್ರಾಂ ಅನ್ನು ಮೀರಬಾರದು. 25 ಗ್ರಾಂ ಒಳಗಿದ್ದರೆ ಇನ್ನೂ ಉತ್ತಮ. ಬೆಲ್ಲ, ಕಾಫಿಯ ಸಕ್ಕರೆ, ಹಬ್ಬದ ಸಿಹಿ ಇವೆಲ್ಲ ಆ ಲೆಕ್ಕದೊಳಗೆ ಸೇರಬೇಕು. ಜೇನುತುಪ್ಪವು ಸಕ್ಕರೆಯಲ್ಲ, ಮಧುಮೇಹಿಗಳೂ ಸೇವಿಸಬಹುದು ಎಂಬ ಮಾತು ಸರಿಯಲ್ಲ.

ಸೇವಿಸಲೇಬೇಕೆಂದಿರುವವರು

ಮೇಲಿನ ವಿಷಯಗಳನ್ನು ತಿಳಿದೂ ಈ ಮನೆಮದ್ದನ್ನು ಪ್ರಯತ್ನಿಸಬಯಸುವ ಆರೋಗ್ಯವಂತ ವಯಸ್ಕರು ದಿನಕ್ಕೆ ಒಂದು ಬಾರಿ, ಒಂದು ಸಣ್ಣ ಚಮಚ ಜೇನುತುಪ್ಪಕ್ಕೆ ಕಾಲು ಚಮಚಕ್ಕೆ ಮೀರದಷ್ಟು ದಾಲ್ಚಿನ್ನಿ ಪುಡಿಯನ್ನು ಬೆರೆಸಿ, ಊಟ ಅಥವಾ ತಿಂಡಿಯ ನಂತರ ಸೇವಿಸಬಹುದು. ನೀರಿನಲ್ಲಿ ಬೆರೆಸುವುದಾದಲ್ಲಿ ನೀರು ಉಗುರುಬೆಚ್ಚಗಿರಬೇಕು. ಜೇನುತುಪ್ಪವನ್ನು ಕಾಯಿಸಬಾರದೆಂಬುದು ಚರಕಸಂಹಿತೆಯ ಕಾಲದಿಂದ ಬಂದ ನಿಯಮ; ಕಾಯಿಸಿದರೆ ಅದರ ಪರಿಮಳವೂ ಕೆಡುತ್ತದೆ. ಒಣಪುಡಿಯನ್ನು ನೇರವಾಗಿ ಬಾಯಿಗೆ ಹಾಕಿಕೊಳ್ಳಬಾರದು, ಶ್ವಾಸನಾಳಕ್ಕೆ ಹೋದರೆ ಅಪಾಯ. ಎರಡು ವಾರಗಳಲ್ಲಿ ಗುಣ ಕಾಣದಿದ್ದಲ್ಲಿ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಗುಣ ಕಂಡರೂ ನೋವಿನ ಕಾರಣ ತಿಳಿದಿಲ್ಲವಾದಲ್ಲಿ ಒಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ, ಏಕೆಂದರೆ ಅನೇಕ ಬಗೆಯ ಕಾಲುನೋವು ಮದ್ದಿಲ್ಲದೆಯೂ ಕೆಲವು ದಿನ ತಗ್ಗಿ ಮತ್ತೆ ಮರುಕಳಿಸುತ್ತದೆ.

ಮಧುಮೇಹಿಗಳು, ಯಕೃತ್ತಿನ ಕಾಯಿಲೆಯುಳ್ಳವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮುಂತಾದ ಮಾತ್ರೆ ಸೇವಿಸುತ್ತಿರುವವರು ಹಾಗೂ ಗರ್ಭಿಣಿಯರು ವೈದ್ಯರ ಅನುಮತಿಯಿಲ್ಲದೆ ಇದನ್ನು ಔಷಧವಾಗಿ ಸೇವಿಸತಕ್ಕದ್ದಲ್ಲ. ವಾತರಕ್ತ, ಅಂದರೆ ಗೌಟ್ ಇರುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ಜೇನುತುಪ್ಪದಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆಯು ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಹೆಬ್ಬೆರಳಿನ ಬುಡದ ನೋವಿಗೆಂದು ಕುಡಿದ ಮದ್ದು ಅದೇ ನೋವಿಗೆ ಇಂಬು ಕೊಟ್ಟಂತಾಗುತ್ತದೆ. ಒಂದು ವರ್ಷದೊಳಗಿನ ಶಿಶುಗಳಿಗೆ ಯಾವ ಕಾರಣಕ್ಕೂ, ಶಾಸ್ತ್ರಕ್ಕೆಂದು ನಾಲಿಗೆಗೆ ತಾಗಿಸುವಷ್ಟು ಕೂಡ, ಜೇನುತುಪ್ಪ ಕೊಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಲ್ಲದು.

ಇದೇ ಮಿಶ್ರಣವನ್ನು ಲೇಪವಾಗಿ ನೋವಿರುವ ಜಾಗಕ್ಕೆ ಹಚ್ಚಿ ತಿಕ್ಕುವವರೂ ಇದ್ದಾರೆ. ದಾಲ್ಚಿನ್ನಿಯು ಚರ್ಮಕ್ಕೆ ಉರಿ, ಕೆಂಪು, ಗುಳ್ಳೆ ತರುವುದುಂಟು. ಆ ಬೆಚ್ಚನೆಯ ಉರಿಯನ್ನೇ ಮದ್ದು ಕೆಲಸ ಮಾಡುತ್ತಿರುವುದರ ಗುರುತೆಂದು ಭಾವಿಸಬಾರದು. ಗಾಯವಿರುವ ಅಥವಾ ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಹಚ್ಚಲೇಕೂಡದು.

ಕೊಳ್ಳುವಾಗ

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಗಳಲ್ಲಿಯೂ, ಜಯನಗರ 4ನೇ ಬಡಾವಣೆಯ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿಯೂ ವಿಚಾರಿಸಿ ಪದರ ಪದರವಾದ ತೆಳು ದಾಲ್ಚಿನ್ನಿಯನ್ನೇ ಕೇಳಿ ಪಡೆಯುವುದು. ಜೇನುತುಪ್ಪದ ಬಾಟಲಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ನೀರಿಗೆ ಹಾಕಿ ತಳಕ್ಕೆ ಇಳಿಯುವುದನ್ನು ನೋಡುವುದು, ಬತ್ತಿಗೆ ಸವರಿ ಹಚ್ಚುವುದು ಮುಂತಾದ ಮನೆಪರೀಕ್ಷೆಗಳಿಂದ ಕಲಬೆರಕೆ ಪತ್ತೆಯಾಗದು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಪರೀಕ್ಷೆಗೊಳಪಡಿಸಿದ 13 ಬ್ರ್ಯಾಂಡ್‌ಗಳ ಪೈಕಿ 10 ಬ್ರ್ಯಾಂಡ್‌ಗಳು ಪ್ರಯೋಗಾಲಯದ ಅತ್ಯಾಧುನಿಕ ಪರೀಕ್ಷೆಯಲ್ಲಿ ಅನುತ್ತೀರ್ಣವಾದವು.

ಲೇಬಲ್ ಇಲ್ಲದ, ತಯಾರಕರ ವಿಳಾಸವಿಲ್ಲದ, ಮೂರೇ ದಿನಗಳಲ್ಲಿ ನೋವು ಮಾಯವೆಂದು ಹೇಳುವ ಪುಡಿಗಳನ್ನು ಕೊಳ್ಳಬಾರದು. ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಭವವಿದೆ. ಸ್ಟೀರಾಯ್ಡ್‌ನಿಂದ ನೋವು ನಿಜಕ್ಕೂ ಬೇಗ ತಗ್ಗುತ್ತದೆ. ಮೂಳೆ ಸವೆಯುವುದೂ, ಸಕ್ಕರೆ ಏರುವುದೂ ಕೆಲ ತಿಂಗಳುಗಳ ನಂತರವೇ ಗೊತ್ತಾಗುವುದು. ಸಂಧಿವಾತ, ಮಧುಮೇಹ ಮುಂತಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಣೀಯ ಜಾಹೀರಾತುಗಳ) ಅಧಿನಿಯಮದಡಿ ನಿಷಿದ್ಧ.

ನೋವಿನ ಕಾರಣವನ್ನು ಗುರುತಿಸುವುದು

ಆಯುರ್ವೇದವು ಸಹ ಎಲ್ಲ ಕಾಲುನೋವನ್ನು ಒಂದೇ ಎಂದು ಪರಿಗಣಿಸುವುದಿಲ್ಲ. ಸಂಧಿಗತವಾತ, ಆಮವಾತ, ವಾತರಕ್ತ, ಗೃಧ್ರಸಿ ಎಂದು ಬೇರೆ ಬೇರೆ ಹೆಸರುಗಳಿವೆ, ಚಿಕಿತ್ಸೆಯೂ ಬೇರೆ. ಮಂಡಿ ಸವೆತದ ಸಂಧಿಗತವಾತಕ್ಕೆ ಎಣ್ಣೆಯ ಅಭ್ಯಂಗ ಹಿತಕರವಾದರೆ, ಕೀಲುಗಳು ಊದಿ ಬಿಗಿಯುವ ಆಮವಾತದ ಆರಂಭದಲ್ಲಿ ಎಣ್ಣೆ ಹಚ್ಚುವುದನ್ನೇ ವೈದ್ಯರು ನಿಷೇಧಿಸಿ ಮರಳಿನ ಒಣಶಾಖವನ್ನು ಸೂಚಿಸುತ್ತಾರೆ. ಅಕ್ಕಪಕ್ಕದ ಮನೆಯವರಿಗೆ ಹಿಡಿಸಿದ ಮದ್ದು ತಮಗೆ ಹಿಡಿಸದಿರುವುದಕ್ಕೆ ಬಹುಪಾಲು ಕಾರಣ ಇದೇ.

ಐವತ್ತು ದಾಟಿದವರಲ್ಲಿ ಮೆಟ್ಟಿಲು ಹತ್ತಿಳಿಯುವಾಗ, ನೆಲದಿಂದ ಏಳುವಾಗ ಮಂಡಿ ನೋಯುವುದು ಸಾಮಾನ್ಯವಾಗಿ ಸವೆತದ ಲಕ್ಷಣ. ಇದಕ್ಕೆ ದೇಹದ ತೂಕ ಇಳಿಸುವುದು ಮತ್ತು ತೊಡೆಯ ಸ್ನಾಯು ಬಲಪಡಿಸುವುದು ಯಾವ ಪುಡಿಗಿಂತಲೂ ಹೆಚ್ಚು ಫಲಕಾರಿ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸುವುದು. ಒಂದೊಂದು ಕಾಲಿಗೆ ಹತ್ತು ಬಾರಿ, ದಿನಕ್ಕೆ ಎರಡು ಸಲ. ಸಮತಟ್ಟಾದ ಉದ್ಯಾನವನದ ಹಾದಿಯಲ್ಲಿ ನಡೆಯುವುದು ಒಳ್ಳೆಯದು. ನೋವಿರುವ ದಿನಗಳಲ್ಲಿ ರಾಗಿಗುಡ್ಡದ ಮೆಟ್ಟಿಲುಗಳನ್ನು ಹತ್ತುವ ಹರಕೆಯನ್ನು ಮುಂದೂಡಬಹುದು.

ಮಾಂಸಾಹಾರ ಸೇವಿಸದವರಲ್ಲಿ ಹಾಗೂ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲದಿಂದ ಸೇವಿಸುತ್ತಿರುವವರಲ್ಲಿ ಬಿ12 ಜೀವಸತ್ವದ ಕೊರತೆಯಿಂದ ಪಾದಗಳು ಜೋಮು ಹಿಡಿಯುವುದು, ಉರಿಯುವುದು ಕಂಡುಬರುತ್ತದೆ. ಬಿಸಿಲಿಗೆ ಹೊರಬಾರದವರಲ್ಲಿ ಡಿ ಜೀವಸತ್ವದ ಕೊರತೆಯಿಂದ ತೊಡೆ, ಸೊಂಟ ನೋಯುವುದುಂಟು. ಎರಡೂ ರಕ್ತಪರೀಕ್ಷೆಯಿಂದ ತಿಳಿಯುತ್ತವೆ. ದಿನವಿಡೀ ನಿಂತು ಕೆಲಸ ಮಾಡುವ ಅಂಗಡಿ ನೌಕರರು, ಬಸ್ ನಿರ್ವಾಹಕರು, ಸಂಚಾರಿ ಪೊಲೀಸರಲ್ಲಿ ಉಬ್ಬಿದ ಅಭಿಧಮನಿಗಳಿಂದ ಸಂಜೆಯ ವೇಳೆಗೆ ಕಾಲು ಭಾರವಾಗುತ್ತದೆ. ಚಿಕೂನ್‌ಗುನ್ಯ ಜ್ವರ ಬಂದು ಹೋದ ಮೇಲೆ ಕೀಲುನೋವು ತಿಂಗಳುಗಟ್ಟಲೆ ಉಳಿಯುವುದನ್ನು 2006ರ ಸಾಂಕ್ರಾಮಿಕದಲ್ಲಿ ರಾಜ್ಯದ ಜನತೆ ಕಂಡಿದ್ದಾರೆ. ಕೊಲೆಸ್ಟರಾಲ್ ಮಾತ್ರೆ ಆರಂಭಿಸಿದ ಬಳಿಕ ಸ್ನಾಯುನೋವು ಬಂದಲ್ಲಿ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು.

ಮಧುಮೇಹಿಗಳ ಪಾದದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮಧುಮೇಹದಿಂದ ನರಗಳು ದುರ್ಬಲವಾದಾಗ ಪಾದ ಉರಿಯುತ್ತದೆ, ಅದೇ ವೇಳೆ ಬಿಸಿ ತಾಗಿದ್ದು ತಿಳಿಯುವುದಿಲ್ಲ. ನೋವಿಗೆಂದು ಬಿಸಿನೀರಿನಲ್ಲಿ ಕಾಲಿಡುವುದು, ಉಪ್ಪಿನ ಶಾಖ ಕೊಡುವುದು, ಬಿಸಿನೀರಿನ ಚೀಲ ಇಡುವುದು ಇವರಿಗೆ ಸಲ್ಲದು. ಗೊತ್ತಾಗದಂತೆ ಸುಟ್ಟ ಗಾಯವು ಕೊಳೆತು ಬೆರಳು ಅಥವಾ ಪಾದವನ್ನು ತೆಗೆಯಬೇಕಾದ ಸ್ಥಿತಿ ಬರಬಲ್ಲದು. ನೀರಿನ ಬಿಸಿಯನ್ನು ಮೊಣಕೈಯಿಂದ ಅಥವಾ ಮನೆಯ ಬೇರೊಬ್ಬರಿಂದ ಪರೀಕ್ಷಿಸಿಕೊಳ್ಳುವುದು, ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು.

ಕಾಯಬಾರದ ಕಾಲುನೋವು

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದಲ್ಲಿ, ಅದರಲ್ಲಿಯೂ ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ಹಾಸಿಗೆ ಹಿಡಿದ ನಂತರ ಹೀಗಾದಲ್ಲಿ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂತಹ ಕಾಲನ್ನು ತಿಕ್ಕಬಾರದು, ಅಂದೇ ಆಸ್ಪತ್ರೆಗೆ ತೆರಳಬೇಕು. ಜೊತೆಗೆ ಉಸಿರುಕಟ್ಟಿದಲ್ಲಿ ಅಥವಾ ಎದೆನೋವು ಬಂದಲ್ಲಿ ತಕ್ಷಣವೇ 108ಕ್ಕೆ ಕರೆ ಮಾಡತಕ್ಕದ್ದು. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ತೀವ್ರವಾಗಿ ನೋಯುತ್ತಿದ್ದಲ್ಲಿ ಅಪಧಮನಿ ಮುಚ್ಚಿಕೊಂಡಿರುವ ಸಂಭವವಿದ್ದು, ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕಾಗುತ್ತದೆ. ಇದರ ಪೂರ್ವಸೂಚನೆ ಅನೇಕರಿಗೆ ಮೊದಲೇ ದೊರೆತಿರುತ್ತದೆ: ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ಬೀಡಿ, ಸಿಗರೇಟು ಸೇದುವವರಲ್ಲಿ ಹಾಗೂ ಮಧುಮೇಹಿಗಳಲ್ಲಿ ಈ ಲಕ್ಷಣವನ್ನು ವಯಸ್ಸಿನ ನೋವೆಂದು ಕಡೆಗಣಿಸಬಾರದು.

ಬಿದ್ದ ನಂತರ ಹಿರಿಯರಿಗೆ ಕಾಲೂರಲು ಆಗದಿರುವುದು, ಜ್ವರದೊಡನೆ ಕೀಲು ಕೆಂಪಾಗಿ ಊದುವುದು, ಮಗು ಕುಂಟುವುದು, ಸೊಂಟನೋವಿನೊಡನೆ ಮೂತ್ರ ಕಟ್ಟುವುದು ಅಥವಾ ತೊಡೆಸಂದು ಮರಗಟ್ಟುವುದು ಸಹ ಮನೆಮದ್ದಿನ ವ್ಯಾಪ್ತಿಗೆ ಬರುವುದಿಲ್ಲ.

ತಪಾಸಣೆಗೆ ಎಲ್ಲಿಗೆ ಹೋಗಬೇಕು

ತುರ್ತಲ್ಲದ ಕಾಲುನೋವಿಗೆ ಮೊದಲು ಸಮೀಪದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ 2022ರ ಡಿಸೆಂಬರ್‌ನಿಂದ ರಾಜ್ಯದಲ್ಲಿ ಆರಂಭಗೊಂಡ ನಮ್ಮ ಕ್ಲಿನಿಕ್‌ಗೆ ಭೇಟಿ ನೀಡುವುದು. ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಅಲ್ಲಿಯೇ ಉಚಿತವಾಗಿ ಆಗುತ್ತದೆ. ಹೆಚ್ಚಿನ ತಪಾಸಣೆಗೆ ಜಯನಗರ 4ನೇ ಟಿ ಬಡಾವಣೆಯಲ್ಲಿರುವ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ ಇದೆ. ಮೂಳೆ, ಕೀಲು ಹಾಗೂ ಅಪಘಾತಕ್ಕೆ ಸಂಬಂಧಿಸಿದಂತೆ ಬೈರಸಂದ್ರದ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯನ್ನು, ರಕ್ತನಾಳದ ತೊಂದರೆಯೆಂದು ವೈದ್ಯರು ಸೂಚಿಸಿದಲ್ಲಿ ಬನ್ನೇರುಘಟ್ಟ ರಸ್ತೆಯ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯನ್ನು ಸಂಪರ್ಕಿಸಬಹುದು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋದಲ್ಲಿ ಜಯದೇವ ಆಸ್ಪತ್ರೆ ನಿಲ್ದಾಣವಿದೆ. ಮೆಟ್ಟಿಲು ಹತ್ತಲಾಗದವರು ಲಿಫ್ಟ್ ಬಳಸುವುದು. ಆಯುರ್ವೇದ ಚಿಕಿತ್ಸೆ ಬಯಸುವವರು ಆನಂದರಾವ್ ವೃತ್ತದ ಬಳಿ ಧನ್ವಂತರಿ ರಸ್ತೆಯಲ್ಲಿರುವ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು.

ಒಳರೋಗಿಯಾಗಿ ದಾಖಲಾಗುವ ಸಂದರ್ಭ ಬಂದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ ಸರ್ಕಾರ ಭರಿಸುತ್ತದೆ. ತುರ್ತು ಪ್ರಕರಣಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ.

ಭೇಟಿಯ ದಿನ ಆಧಾರ್ ಹಾಗೂ ಪಡಿತರ ಚೀಟಿ, ಹಿಂದಿನ ಕ್ಷ-ಕಿರಣ ಮತ್ತು ರಕ್ತಪರೀಕ್ಷೆಯ ವರದಿಗಳು, ಪ್ರಸ್ತುತ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ತರುವುದು. ನೋವು ಎಂದಿನಿಂದ, ಎಷ್ಟು ದೂರ ನಡೆದಾಗ, ದಿನದ ಯಾವ ವೇಳೆಯಲ್ಲಿ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಲ್ಲಿ ವೈದ್ಯರಿಗೆ ಅನುಕೂಲ. ಮನೆಯಲ್ಲಿ ಸೇವಿಸುತ್ತಿರುವ ಜೇನುತುಪ್ಪ, ದಾಲ್ಚಿನ್ನಿ ಅಥವಾ ಇನ್ನಾವುದೇ ಪುಡಿ, ಕಷಾಯ, ತೈಲದ ಪೊಟ್ಟಣವನ್ನು ಸಂಕೋಚವಿಲ್ಲದೆ ಜೊತೆಗೆ ತಂದು ತೋರಿಸುವುದು.